ದೋಮಲಗುಡದ ಮಠ

ಹುಸೇನ್ ಸಾಗರ ಹೈದರಾಬಾದಿಗಿಂತ ಹಿರಿಯದು. ಇಬ್ರಾಹಿಂ ಕುತುಬ್ ಷಾನ ಕಾಲದಲ್ಲಿ, 1560ರ ದಶಕದಲ್ಲಿ, ಏರಿ ಹಾಕಿ ಈ ಕೆರೆ ಕಟ್ಟಿದರು. ಚಾರ್‌ಮಿನಾರಿನ ಸುತ್ತ ಊರು ಎದ್ದದ್ದು ಆಮೇಲೆ, 1591ರಲ್ಲಿ. ಆ ಏರಿಯೇ ಇವತ್ತಿನ ಟ್ಯಾಂಕ್ ಬಂಡ್. ಅದರ ಮೇಲೆ ನಿಂತವರೆಲ್ಲ ನೀರಿನ ಕಡೆ ಮುಖ ಮಾಡುತ್ತಾರೆ, ನಡುನೀರಿನ ಬುದ್ಧನ ಫೋಟೊ ತೆಗೆಯುತ್ತಾರೆ. ಅವರ ಬೆನ್ನ ಹಿಂದೆ, ಕೆರೆಯ ತಗ್ಗಿನಲ್ಲಿ ಕಟ್ಟಮೈಸಮ್ಮನ ಗುಡಿ ಇದೆ. ಏರಿ ಇದ್ದಲ್ಲಿ ಅಮ್ಮ ಇರಲೇಬೇಕು, ನಮ್ಮ ಕಡೆಯ ಕೆರೆಗಳಲ್ಲೂ ಹಾಗೇ. ಗುಡಿ ದಾಟಿದರೆ ಇಂದಿರಾ ಪಾರ್ಕ್. ಪಾರ್ಕಿನ ಮಗ್ಗುಲಿಗೆ ಹಿಮಾಯತ್‌ನಗರದ ತನಕ ಹಬ್ಬಿರುವ ಬಡಾವಣೆ ದೋಮಲಗುಡ.

ಒಂದು ಕಾಲಕ್ಕೆ ಊರ ಹೊರಗಿದ್ದ ಜಾಗ ಇದು. ಈಗ ನಗರದ ನಟ್ಟನಡುವೆ. ಅಪಾರ್ಟ್‌ಮೆಂಟು, ಕೋಚಿಂಗ್ ಸೆಂಟರು, ಔಷಧಿ ಅಂಗಡಿ, ಮೂಲೆಗೊಂದು ಇರಾನಿ ಚಹಾದ ಹೋಟೆಲು: ಬೇರೆ ಬಡಾವಣೆಗಳಲ್ಲಿ ಏನಿದೆಯೋ ಅದೇ ಇಲ್ಲೂ. ಆದರೂ ದೋಮಲಗುಡ ಎಂದು ಆಟೋದವನಿಗೆ ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆ, ರಾಮಕೃಷ್ಣ ಮಠಾನಾ? ಐವತ್ತು ವರ್ಷಗಳಲ್ಲಿ ಈ ಬಡಾವಣೆಗೆ ಮಠವೇ ಗುರುತಾಗಿಬಿಟ್ಟಿದೆ.

ಮಠ ಎಂದರೆ ಕನ್ನಡಿಗರ ಕಣ್ಣಿಗೆ ಬರುವ ಚಿತ್ರವೇ ಬೇರೆ. ಸಿದ್ಧಗಂಗೆಯ ದಾಸೋಹ, ಸುತ್ತೂರಿನ ಹಾಸ್ಟೆಲು, ಸಾಲಾಗಿ ಕೂತು ಪ್ರಾರ್ಥನೆ ಮುಗಿಸಿ ಮುದ್ದೆಗೆ ಕೈಹಾಕುವ ಸಾವಿರಾರು ಮಕ್ಕಳು. ಹಸಿದು ಬಂದವನಿಗೆ ಮೊದಲು ಅನ್ನ, ಆಮೇಲೆ ಅಕ್ಷರ. ಆ ಎಣಿಕೆಯಲ್ಲಿ ದೋಮಲಗುಡಕ್ಕೆ ಹೋದವರಿಗೆ ಸ್ವಲ್ಪ ಗೊಂದಲವಾಗುತ್ತದೆ. ಇಲ್ಲಿ ಗೇಟಿನಿಂದ ಒಳಗೆ ನುಗ್ಗುವವರ ಬೆನ್ನಿಗೆ ಬ್ಯಾಗುಗಳಿರುತ್ತವೆ, ಕೈಯಲ್ಲಿ ನೋಟ್‌ಬುಕ್ಕು. ಅವರು ಬಂದಿರುವುದು ಭಾಷೆ ಕಲಿಯಲು. ಈ ಮಠದ ದೊಡ್ಡ ದಾನ ಮಾತಿನದು. ಆ ದಾನ ಈ ಊರಲ್ಲೇ ಯಾಕೆ ಬೇರೂರಿತು ಎಂಬುದಕ್ಕೆ ಹೈದರಾಬಾದಿನ ಚರಿತ್ರೆಯಲ್ಲೇ ಕಾರಣ ಇದೆ ಎಂದು ನನ್ನ ನಂಬಿಕೆ.

ಕಥೆ ಮಠಕ್ಕಿಂತ ಎಂಬತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ. 1893ರ ಫೆಬ್ರವರಿ 10ರಂದು ಮದರಾಸಿನ ಕಡೆಯಿಂದ ಬಂದ ರೈಲಿನಿಂದ ಮೂವತ್ತು ವರ್ಷದ ಒಬ್ಬ ಬಂಗಾಳಿ ಸಂನ್ಯಾಸಿ ಇಳಿದ. ಆಗಿನ್ನೂ ಲೋಕಕ್ಕೆ ಆತ ವಿವೇಕಾನಂದ ಆಗಿರಲಿಲ್ಲ. ಚಿಕಾಗೊ ಸಭೆಗೆ ಇನ್ನೂ ಏಳು ತಿಂಗಳಿತ್ತು. ಹೈದರಾಬಾದಿಗೆ ಬರುವ ಮುಂಚೆ ಬೆಳಗಾವಿ, ಬೆಂಗಳೂರು, ಮೈಸೂರು ನೋಡಿ, ಚಾಮರಾಜ ಒಡೆಯರ ಅತಿಥಿಯಾಗಿ ಇದ್ದು, ಕನ್ಯಾಕುಮಾರಿ ಮುಟ್ಟಿ, ಮದರಾಸಿನಲ್ಲಿ ಹುಡುಗರ ಗುಂಪೊಂದನ್ನು ಸಂಪಾದಿಸಿಕೊಂಡಿದ್ದರು. ಅಲ್ಲಿನ ಗೆಳೆಯರು ತಂತಿ ಕೊಟ್ಟಿದ್ದರಿಂದ ನಿಲ್ದಾಣದಲ್ಲಿ ಸುಮಾರು ಐನೂರು ಜನ ಸೇರಿದ್ದರು. ಉಳಿದುಕೊಂಡದ್ದು ನಿಜಾಮರ ಸರ್ಕಾರದಲ್ಲಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿದ್ದ ಮಧುಸೂದನ ಚಟರ್ಜಿಯವರ ಮನೆಯಲ್ಲಿ.

ಸ್ವಾಗತಕ್ಕೆ ಬಂದವರ ಹೆಸರುಗಳನ್ನು ಓದಿದರೆ ಆ ಕಾಲದ ಹೈದರಾಬಾದು ಕಣ್ಣಿಗೆ ಕಟ್ಟುತ್ತದೆ. ರಾಜಾ ಶ್ರೀನಿವಾಸ ರಾವ್ ಬಹದ್ದೂರ್ ಇದ್ದರು, ಪಂಡಿತ ರತ್ತನ್ ಲಾಲ್ ಇದ್ದರು, ವಿದ್ವಾಂಸ ಸೈಯದ್ ಅಲಿ ಬಿಲ್‌ಗ್ರಾಮಿ ಇದ್ದರು, ನವಾಬರು, ಪಾರ್ಸಿಗಳು, ಮಾರವಾಡಿ ಸೇಠರು ಇದ್ದರು. ಆತಿಥೇಯ ಬಂಗಾಳಿ, ದರ್ಬಾರಿನ ಭಾಷೆ ಉರ್ದು, ಬೀದಿಯದು ತೆಲುಗು ಮತ್ತು ದಖನಿ, ಪೇಟೆಯದು ಮಾರವಾಡಿ, ಕಂಟೋನ್ಮೆಂಟಿನದು ಇಂಗ್ಲಿಷು. ನಿಜಾಮರ ರಾಜ್ಯದಲ್ಲಿ ಬೀದರ್, ಗುಲಬರ್ಗಾ, ರಾಯಚೂರುಗಳೂ ಇದ್ದುದರಿಂದ ಕೋರ್ಟು ಕಚೇರಿಗೆ ಬಂದ ಕನ್ನಡದವರೂ ಈ ಊರಲ್ಲಿ ಓಡಾಡಿಕೊಂಡಿದ್ದರು.

ಮರುದಿನ ಬೆಳಿಗ್ಗೆಯೇ ಸಿಕಂದರಾಬಾದಿನ ಸುಮಾರು ನೂರು ಮಂದಿ ಹಣ್ಣು, ಹಾಲು, ಸಿಹಿ ಹಿಡಿದು ಬಂದು, ಮೆಹಬೂಬ್ ಕಾಲೇಜಿನಲ್ಲಿ ಒಂದು ಭಾಷಣ ಮಾಡಲೇಬೇಕೆಂದು ಕೇಳಿಕೊಂಡರು. ಸ್ವಾಮೀಜಿ ಒಪ್ಪಿ 13ನೇ ತಾರೀಖು ಗೊತ್ತುಮಾಡಿದರು. ಅದೇ 11ರಂದು ಗೋಲ್ಕೊಂಡ ನೋಡಿ ಬರುವಷ್ಟರಲ್ಲಿ ನವಾಬ್ ಸರ್ ಖುರ್ಷೀದ್ ಜಾ ಅವರಿಂದ ಕರೆ ಬಂದಿತ್ತು. ಖುರ್ಷೀದ್ ಜಾ ನಿಜಾಮರ ಭಾವನ ವರಸೆಯ ಅಮೀರರು. ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ಹಿಂದೂ ಕ್ಷೇತ್ರಗಳನ್ನು ನೋಡಿ ಬಂದ ಮುಸಲ್ಮಾನರೆಂದು ಹೆಸರಾದವರು. 12ರಂದು ಅವರ ಅರಮನೆಯಲ್ಲಿ ಎರಡು ತಾಸು ಮಾತು ನಡೆಯಿತು. ಪಶ್ಚಿಮಕ್ಕೆ ಹೋಗುವ ವಿಚಾರ ಕೇಳುತ್ತಲೇ ನವಾಬರು ಸಾವಿರ ರೂಪಾಯಿ ಕೊಡಲು ಮುಂದಾದರು. ಹೊರಡುವ ಕಾಲ ಬಂದಾಗ ಕೇಳಿ ಪಡೆಯುತ್ತೇನೆ ಎಂದು ಸ್ವಾಮೀಜಿ ಆಗ ಮುಟ್ಟಲಿಲ್ಲ.

13ರ ಮಧ್ಯಾಹ್ನದ ಸಭೆಯಲ್ಲಿ ಸಾವಿರಕ್ಕೂ ಮಿಕ್ಕಿ ಜನ. ಅಧ್ಯಕ್ಷತೆ ಪಂಡಿತ ರತ್ತನ್ ಲಾಲ್ ಅವರದು. ತಾನು ಯಾವ ಕೆಲಸಕ್ಕೆಂದು ಪಶ್ಚಿಮಕ್ಕೆ ಹೊರಟಿದ್ದೇನೆ ಎಂಬುದೇ ವಿಷಯ. ಮಾತಾಡಿದ್ದು ಇಂಗ್ಲಿಷಿನಲ್ಲಿ, ಕೇಳಿದವರಲ್ಲಿ ಯುರೋಪಿಯನ್ನರೂ ಹಲವರು. ಇಷ್ಟು ದೊಡ್ಡ ಬಹಿರಂಗ ಸಭೆಯಲ್ಲಿ ಸ್ವಾಮೀಜಿ ಬಾಯಿ ತೆರೆದದ್ದು ತಮ್ಮಲ್ಲೇ ಮೊದಲೆಂದು ಸಿಕಂದರಾಬಾದಿನವರು ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ. ಮರುದಿನ ಬೇಗಂ ಬಜಾರಿನ ಸಾಹುಕಾರರು ಬಂದು ದಾರಿಖರ್ಚಿಗೆ ನೆರವಾಗುವ ಮಾತು ಕೊಟ್ಟರು.

ಇದೇ ಭೇಟಿಯ ಇನ್ನೊಂದು ಘಟನೆಯನ್ನು ಸ್ವಾಮೀಜಿ ಏಳು ವರ್ಷದ ನಂತರ, 1900ರ ಜನವರಿಯಲ್ಲಿ, ಲಾಸ್ ಏಂಜಲಿಸಿನಲ್ಲಿ ಮನಸ್ಸಿನ ಶಕ್ತಿಗಳ ಬಗ್ಗೆ ಮಾತಾಡುತ್ತ ಹೇಳಿದರು. ಹೈದರಾಬಾದಿನಲ್ಲಿ ಒಬ್ಬ ಬ್ರಾಹ್ಮಣ, ಎಲ್ಲಿಂದಲೋ ವಸ್ತುಗಳನ್ನು ತರಿಸಬಲ್ಲನೆಂದು ಹೆಸರು ಮಾಡಿದ್ದ. ತೋರಿಸೆಂದು ಕೇಳಿದಾಗ ಅವನಿಗೆ ಜ್ವರ. ಸಾಧುಗಳು ತಲೆಯ ಮೇಲೆ ಕೈಯಿಟ್ಟರೆ ಜ್ವರ ಬಿಡುತ್ತದೆ, ಮೊದಲು ಅದಾಗಲಿ ಎಂದ. ಸ್ವಾಮೀಜಿ ಕೈಯಿಟ್ಟರು. ಆಮೇಲೆ ಅವನು ಲಂಗೋಟಿಯಲ್ಲಿ ಕೂತು, ಚಳಿಗೆಂದು ಇವರೇ ಕೊಟ್ಟ ಕಂಬಳಿ ಹೊದ್ದುಕೊಂಡು, ಅದರೊಳಗಿಂದ ಗೊಂಚಲು ಗೊಂಚಲು ದ್ರಾಕ್ಷಿ, ಕಿತ್ತಳೆ, ಕೊನೆಗೆ ಇಬ್ಬನಿ ಆರದ ಗುಲಾಬಿಗಳ ರಾಶಿ ತೆಗೆದ. ಇದು ಕೈಚಳಕ ಎಂದು ಅವನೇ ಹೇಳಿದನಂತೆ. ಪವಾಡಕ್ಕೆ ಮರುಳಾಗದೆ, ತೀರ ತಳ್ಳಿಯೂ ಹಾಕದೆ, ಇದರ ಹಿಂದಿನ ನಿಯಮ ಏನಿರಬಹುದು ಎಂದು ಕೇಳಿದ ಆ ದೃಷ್ಟಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮುಂದೆ ಅವರ ಹೆಸರಲ್ಲಿ ಇದೇ ಊರಿನಲ್ಲಿ ಎದ್ದ ಮಠದಲ್ಲಿ ಪವಾಡಕ್ಕೆ ಜಾಗವೇ ಇಲ್ಲ. ವಿಭೂತಿ ಉದುರುವುದಿಲ್ಲ, ತಾಯತ ಕಟ್ಟುವುದಿಲ್ಲ.

ನಡುವೆ ಎಂಬತ್ತು ವರ್ಷ. ಅಷ್ಟರಲ್ಲಿ ಊರು ಎರಡು ಬಾರಿ ನಾಲಗೆ ಬದಲಿಸಿತು. ಸ್ವಾಮೀಜಿ ಬರುವ ಮೊದಲೇ, 1880ರ ದಶಕದಲ್ಲಿ, ಆಡಳಿತದಿಂದ ಪಾರಸಿ ಸರಿದು ಉರ್ದು ಕೂತಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಉನ್ನತ ಶಿಕ್ಷಣವೂ ಉರ್ದುವಿನಲ್ಲೇ. ಗುಲಬರ್ಗಾ, ರಾಯಚೂರಿನ ಹುಡುಗರು ಮನೆಯಲ್ಲಿ ಕನ್ನಡ ಆಡಿ, ಗಣಿತ ವಿಜ್ಞಾನ ಉರ್ದುವಿನಲ್ಲಿ ಕಲಿತರು. ಆ ತಲೆಮಾರಿನ ಹಿರಿಯರ ಕೈಬರಹದಲ್ಲಿ ಲೆಕ್ಕದ ಚೀಟಿ ಬಲದಿಂದ ಎಡಕ್ಕೆ ಹೋಗುತ್ತಿದ್ದುದನ್ನು ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳು ಬಲ್ಲವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉರ್ದುವಿನ ಜಾಗಕ್ಕೆ ಇಂಗ್ಲಿಷು ಬಂತು. 1956ರ ನವೆಂಬರಿನಲ್ಲಿ ರಾಜ್ಯಗಳು ಹಂಚಿಹೋದಾಗ ಸರ್ಕಾರಿ ಕಚೇರಿಗೆ ತೆಲುಗು ಬೇಕಾಯಿತು. ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಉಳಿದ ಕನ್ನಡಿಗರು ಕಾಚಿಗುಡದ ನೃಪತುಂಗ ಶಾಲೆ, ಸಾಹಿತ್ಯ ಮಂದಿರಗಳ ಸುತ್ತ ತಮ್ಮ ನುಡಿ ಕಾಪಾಡಿಕೊಂಡರು. ಹೀಗೆ ಈ ಊರಲ್ಲಿ ಪ್ರತಿಯೊಂದು ತಲೆಮಾರಿಗೂ ಹೊಟ್ಟೆಪಾಡಿಗಾಗಿ ಹೊಸ ಭಾಷೆ ಕಲಿಯುವ ಪಾಡು ಬಂದಿದೆ. ಕಲಿತವನು ಕುರ್ಚಿಯಲ್ಲಿ ಕೂತ, ಕಲಿಯದವನು ಬಾಗಿಲಲ್ಲಿ ನಿಂತ.

1973ರಲ್ಲಿ ರಾಮಕೃಷ್ಣ ಮಠದ ಹೈದರಾಬಾದ್ ಶಾಖೆ ಶುರುವಾಯಿತು. ಅದರ ಹೊಣೆ ಹೊತ್ತು ಬಂದವರು ಸ್ವಾಮಿ ರಂಗನಾಥಾನಂದರು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಬೇರೆ ಕೆಲಸದವರು ಪಿಂಚಣಿ ಎಣಿಸುವ ವಯಸ್ಸು. ಇಂದಿರಾ ಪಾರ್ಕಿಗೆ ಆಗಿನ್ನೂ ಅಡಿಗಲ್ಲು ಬಿದ್ದಿರಲಿಲ್ಲ. ಅದು ಬಿದ್ದದ್ದು 1975ರಲ್ಲಿ. ಮಠದಲ್ಲಿ ಅವರು ಇಪ್ಪತ್ತು ವರ್ಷ ಇದ್ದರು.

ಅವರು ಎಲ್ಲಿ ತಯಾರಾದರು ಎಂಬುದು ಕನ್ನಡಿಗರು ತಿಳಿಯಬೇಕಾದ ವಿಷಯ. 1908ರ ಡಿಸೆಂಬರ್ 15ರಂದು ತ್ರಿಶೂರಿನ ಹತ್ತಿರದ ತ್ರಿಕ್ಕೂರಿನಲ್ಲಿ ಹುಟ್ಟಿದ ಶಂಕರನ್ ಕುಟ್ಟಿ ಹೈಸ್ಕೂಲು ಮುಗಿಸಿ, 1926ರಲ್ಲಿ, ಹದಿನೇಳರ ಹರೆಯದಲ್ಲಿ ಮೈಸೂರಿನ ರಾಮಕೃಷ್ಣಾಶ್ರಮಕ್ಕೆ ಬಂದ. ಆಶ್ರಮ ಶುರುವಾಗಿ ಆಗ ಒಂದೇ ವರ್ಷ. ಅಧ್ಯಕ್ಷರು ಸ್ವಾಮಿ ಸಿದ್ಧೇಶ್ವರಾನಂದರು, ಎಲ್ಲರ ಬಾಯಲ್ಲಿ ಗೋಪಾಲ ಮಹಾರಾಜ್. ಅವರೇ ಜ್ವರದಿಂದ ಬಳಲುತ್ತಿದ್ದ ಕುವೆಂಪು ಅವರನ್ನು ಆಶ್ರಮಕ್ಕೆ ಕರೆತಂದು ಇರಿಸಿಕೊಂಡವರು. ಕುವೆಂಪು ಹತ್ತು ವರ್ಷ ಅಲ್ಲೇ ಉಳಿದು ವಿವೇಕಾನಂದರ, ಪರಮಹಂಸರ ಜೀವನ ಚರಿತ್ರೆಗಳನ್ನು ಕನ್ನಡಕ್ಕೆ ಕೊಟ್ಟರು. ಅದೇ ಸೂರಿನಡಿ ಕೇರಳದ ಈ ಹುಡುಗ ಅಡುಗೆ ಮಾಡುತ್ತಿದ್ದ.

ಮೊದಲ ಆರು ವರ್ಷ ಅವರ ಕೆಲಸ ಅಡುಗೆ, ಪಾತ್ರೆ ತೊಳೆಯುವುದು, ಮನೆವಾರ್ತೆ. ಆಮೇಲೆ ವಿದ್ಯಾರ್ಥಿನಿಲಯದ ವಾರ್ಡನ್. ಬೆಳಿಗ್ಗೆ ಎದ್ದು ಒಲೆ ಹೊತ್ತಿಸಿ, ಹತ್ತಾರು ಜನರಿಗೆ ಬೇಯಿಸಿ ಬಡಿಸಿ, ಮಸಿ ಹಿಡಿದ ಪಾತ್ರೆ ಬೆಳಗಿಟ್ಟು, ಸಿಕ್ಕ ಬಿಡುವಿನಲ್ಲಿ ಉಪನಿಷತ್ತು, ಶಂಕರಭಾಷ್ಯ ಓದಿಕೊಂಡರು. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. 1933ರಲ್ಲಿ ಸ್ವಾಮಿ ಶಿವಾನಂದರಿಂದ ಸಂನ್ಯಾಸ ದೀಕ್ಷೆ. ಮೈಸೂರಿನಲ್ಲಿ ಒಂಬತ್ತು, ಬೆಂಗಳೂರಿನಲ್ಲಿ ಮೂರು, ಒಟ್ಟು ಹನ್ನೆರಡು ವರ್ಷ ಕನ್ನಡ ನಾಡಿನಲ್ಲೇ ಕಳೆದರು. ಅವರ ವಾಗ್ಮಿತೆಯನ್ನು ಹೊಗಳಿದವರು ಲೆಕ್ಕವಿಲ್ಲದಷ್ಟು. ನನಗೆ ಆ ಮಾತುಗಳ ಬಲದ ಹಿಂದೆ ಮೈಸೂರಿನ ಆ ಅಡುಗೆಮನೆ ಕಾಣುತ್ತದೆ. ತಾನೇ ತಾನಾಗಿ, ಕೆಲಸದ ನಡುವೆ ಕಲಿತವನಿಗೆ ಮಾತ್ರ ಗೊತ್ತು, ಕೆಲಸ ಮುಗಿಸಿ ಬಂದವನಿಗೆ ಯಾವ ಹೊತ್ತಿನಲ್ಲಿ, ಹೇಗೆ ಪಾಠ ಹೇಳಬೇಕು ಎಂಬುದು.

ಮುಂದಿನದನ್ನು ಬೇಗ ಹೇಳಬಹುದು. 1939ರಿಂದ ರಂಗೂನು; ಜಪಾನೀ ಬಾಂಬು ಬಿದ್ದ ಮೇಲೆ 1942ರಲ್ಲಿ ಬರ್ಮಾ ಬಿಡಬೇಕಾಯಿತು. ಅಲ್ಲಿಂದ ಕರಾಚಿ. ಭಾನುವಾರದ ಅವರ ಗೀತಾ ಪ್ರವಚನಕ್ಕೆ ಬರುತ್ತಿದ್ದ ತರುಣರಲ್ಲಿ ಲಾಲಕೃಷ್ಣ ಆಡ್ವಾಣಿಯೂ ಒಬ್ಬರು. ಅದನ್ನು ಅವರೇ ಬರೆದುಕೊಂಡಿದ್ದಾರೆ. 1943ರ ಬಂಗಾಳದ ಬರದಲ್ಲಿ ಕರಾಚಿಯಿಂದ ಹಡಗಿನಲ್ಲಿ ಅಕ್ಕಿ ಕಳಿಸುವ ಕೆಲಸಕ್ಕೆ ನಿಂತರು. ದೇಶ ಒಡೆದು ಕರಾಚಿಯ ಆಶ್ರಮ ಮುಚ್ಚಿತು. 1949ರಿಂದ ದೆಹಲಿ, 1962ರಿಂದ ಕೋಲ್ಕತ್ತದ ಸಾಂಸ್ಕೃತಿಕ ಸಂಸ್ಥೆ, ನಂತರ ದೇಶದೇಶ ಸುತ್ತಿ ಉಪನ್ಯಾಸ. ಇಷ್ಟೆಲ್ಲ ಆದ ಮೇಲೆ ದೋಮಲಗುಡ.

ಬಂದ ನಾಲ್ಕೇ ವರ್ಷಕ್ಕೆ, 1977ರ ನವೆಂಬರ್ 19ರಂದು, ದಿವಿಸೀಮೆಗೆ ಚಂಡಮಾರುತ ಬಡಿಯಿತು. ಕೃಷ್ಣಾ ನದಿ ಸಮುದ್ರ ಸೇರುವ ಕಡೆ ಹಳ್ಳಿಗೆ ಹಳ್ಳಿ ಕೊಚ್ಚಿಹೋಗಿ ಹತ್ತು ಸಾವಿರದಷ್ಟು ಜನ ಸತ್ತರು. ರಾಮಕೃಷ್ಣ ಮಿಷನ್ನಿನ ಸಂನ್ಯಾಸಿಗಳು ಅಲ್ಲಿ ಪರಿಹಾರಕ್ಕೆ ಇಳಿದರು. ವಿಪತ್ತು ಬಂದಾಗ ಓಡುವುದು ಆ ಸಂಸ್ಥೆಯ ರೂಢಿ. 1897ರಲ್ಲಿ ಮುರ್ಶಿದಾಬಾದಿನ ಕ್ಷಾಮದಲ್ಲಿ ಸ್ವಾಮಿ ಅಖಂಡಾನಂದರು ಹಾಕಿಕೊಟ್ಟ ದಾರಿ ಅದು.

ಎರಡು ವರ್ಷ ಬಿಟ್ಟು, 1979ರಲ್ಲಿ, ಮಠದ ಆವರಣದಲ್ಲಿ ವಿವೇಕಾನಂದ ಭಾಷಾ ಸಂಸ್ಥೆ ಶುರುವಾಯಿತು. ಇಂಗ್ಲಿಷು, ಹಿಂದಿ, ಸಂಸ್ಕೃತ. ಜೊತೆಗೆ ಫ್ರೆಂಚ್, ಜರ್ಮನ್, ಜಪಾನಿಯಂಥ ವಿದೇಶಿ ಭಾಷೆಗಳು. ಸಂಸ್ಕೃತ ಕಲಿಸುವ ಮಠಗಳು ದೇಶದ ತುಂಬ ಇವೆ. ಜರ್ಮನ್ ಕಲಿಸುವ ಮಠ ಆಗ ಜನಕ್ಕೆ ಹೊಸದು. ಸಾಫ್ಟ್‌ವೇರ್ ಕಂಪನಿಗಳ ಸುದ್ದಿ ಈ ಊರಿಗೆ ಬರುವುದಕ್ಕೆ ಎಷ್ಟೋ ಮುಂಚಿನ ಮಾತಿದು. ಹೈಟೆಕ್ ಸಿಟಿಯ ಕಟ್ಟಡ ಏಳುವ ಹೊತ್ತಿಗೆ ದೋಮಲಗುಡದಲ್ಲಿ ಕಲಿತವರು ಒಂದು ತಲೆಮಾರೇ ಆಗಿದ್ದರು.

ಶುಲ್ಕ ಇದೆ, ಕಡಿಮೆ ಇದೆ. ಹಣ ತೆಗೆದುಕೊಂಡು ಕಲಿಸುವುದು ದಾನ ಹೇಗಾಯಿತು ಎಂದು ಕೇಳುವವರುಂಟು. ಊರಿನ ಖಾಸಗಿ ಸ್ಪೋಕನ್ ಇಂಗ್ಲಿಷ್ ತರಗತಿಗಳ ದರ ಕೇಳಿ ನೋಡಿದವರು ಹಾಗೆ ಕೇಳುವುದಿಲ್ಲ. ಪುಕ್ಕಟೆ ಸಿಕ್ಕ ಪಾಠಕ್ಕೆ ನಾಲ್ಕು ದಿನ ಬಂದು ಬಿಡುತ್ತಾರೆ. ತನ್ನ ದುಡಿಮೆಯಿಂದ ಒಂದಿಷ್ಟು ಕೊಟ್ಟು ಕೂತವನು ಕೊನೆಯ ದಿನದವರೆಗೂ ಕೂರುತ್ತಾನೆ. ಅವನ ಮರ್ಯಾದೆಯೂ ಉಳಿಯುತ್ತದೆ. ಕೈಚಾಚದೆ ಪಡೆಯುವ ಅವಕಾಶ ಕೊಡುವುದು ದಾನದ ಹೆಚ್ಚಿನ ಬಗೆ ಎಂದೇ ನನ್ನ ಎಣಿಕೆ.

ಪ್ರವೇಶದ ದಿನಗಳಲ್ಲಿ ಆ ಸಾಲನ್ನು ನೋಡಬೇಕು. ಡಿಗ್ರಿ ಮುಗಿಸಿ ನಾಲ್ಕು ಸಂದರ್ಶನಗಳಲ್ಲಿ ಬಾಯಿ ಕಟ್ಟಿ ಹೊರಬಂದ ಹುಡುಗ, ಹಳೇ ಊರಿನಿಂದ ಬುರ್ಖಾ ತೊಟ್ಟು ಬಂದ ಹುಡುಗಿ, ಮಗುವನ್ನು ಸ್ಕೂಲಿಗೆ ಸೇರಿಸುವಾಗ ಟೀಚರ ಎದುರು ಮಾತಾಡಲಾಗದೆ ನೊಂದ ತಾಯಿ, ಗಲ್ಫಿಗೆ ಹೊರಟ ಎಲೆಕ್ಟ್ರಿಷಿಯನ್. ತಾಂಡೂರು, ಸೇಡಂ ಕಡೆಯ ಹುಡುಗರನ್ನು ಮಾತಿನಿಂದಲೇ ಗುರುತಿಸಬಹುದು. ಒಂದೇ ವಾಕ್ಯದಲ್ಲಿ ತೆಲುಗು, ಕನ್ನಡ, ದಖನಿ ಮೂರೂ ಬಂದುಹೋಗುತ್ತವೆ. “ಫಾರಂ ಖತಂ ಆಗ್ಯಾವೇನ್ರಿ ಅಣ್ಣಾರ?” ಎಂದು ಒಬ್ಬ ಮುಂದಿನವನನ್ನು ಕೇಳುತ್ತಾನೆ. ಮುಂದಿನವನಿಗೆ ಅರ್ಥವಾಗಿದೆ, ಅವನು ತೆಲುಗಿನಲ್ಲಿ ಉತ್ತರಿಸುತ್ತಾನೆ. ಇಬ್ಬರೂ ಬಂದಿರುವುದು ಮೂರನೆಯ ಭಾಷೆಗಾಗಿ. ಇಷ್ಟು ಭಾಷೆ ಸರಾಗವಾಗಿ ಆಡುವ ಹುಡುಗನಿಗೆ ತನಗೆ ‘ಭಾಷೆ ಬರುವುದಿಲ್ಲ’ ಎಂಬ ಅಳುಕು ಕೂರಿಸಿದ್ದು ನಮ್ಮ ಕಾಲದ ದೊಡ್ಡ ಅನ್ಯಾಯ. ಆ ಅಳುಕು ಬಿಡಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟ.

ಅದಕ್ಕೆಂದೇ 2000ದಲ್ಲಿ ಇನ್ನೊಂದು ಸಂಸ್ಥೆ ಸೇರಿತು. ಯುವಕರಿಗೆ ಏಕಾಗ್ರತೆ, ಆತ್ಮವಿಶ್ವಾಸ, ಸಭೆಯಲ್ಲಿ ನಿಂತು ಮಾತಾಡುವ ಧೈರ್ಯ ಕಲಿಸುವ ಸಣ್ಣ ಅವಧಿಯ ತರಗತಿಗಳು ಅಲ್ಲಿ ನಡೆಯುತ್ತವೆ. ಆವರಣದಲ್ಲಿ ಗ್ರಂಥಾಲಯ ಇದೆ. ವಿವೇಕಾನಂದ ಹೆಲ್ತ್ ಸೆಂಟರಿನಲ್ಲಿ ಹೊರರೋಗಿಗಳನ್ನು ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಬರಲಾಗದವರ ಬಸ್ತಿ, ಹಳ್ಳಿಗಳಿಗೆ ವ್ಯಾನಿನಲ್ಲಿ ಔಷಧಿ ಹೋಗುತ್ತದೆ. ಮಠದಿಂದ ಹೊರಡುವ ತೆಲುಗು ಮಾಸಿಕ ಶ್ರೀ ರಾಮಕೃಷ್ಣ ಪ್ರಭ 1944ರಲ್ಲಿ ಮದರಾಸಿನಲ್ಲಿ ಹುಟ್ಟಿದ್ದು.

ಭಾನುವಾರದ ಉಪನ್ಯಾಸಗಳನ್ನು ಆ ಕಾಲದವರು ಇನ್ನೂ ನೆನೆಯುತ್ತಾರೆ. 1988ರಿಂದ 1990ರವರೆಗೆ ರಂಗನಾಥಾನಂದರು ಇಲ್ಲಿ ಗೀತೆಯನ್ನು ಇಂಗ್ಲಿಷಿನಲ್ಲಿ, ಶ್ಲೋಕ ಶ್ಲೋಕವಾಗಿ ವಿವರಿಸಿದರು. ಅದೇ ಮುಂದೆ ಮೂರು ಸಂಪುಟಗಳ ಪುಸ್ತಕವಾಯಿತು. ಐಎಎಸ್ ಅಧಿಕಾರಿ, ವೈದ್ಯ, ಬ್ಯಾಂಕ್ ಗುಮಾಸ್ತ ಒಂದೇ ಸಾಲಿನಲ್ಲಿ ಕೂತು ಕೇಳಿದರು. ನಿನ್ನ ಮೇಜಿನ ಎದುರು ಅರ್ಜಿ ಹಿಡಿದು ನಿಂತವನಿಗೆ ಕುರ್ಚಿ ತೋರಿಸು, ಅಲ್ಲಿಂದ ನಿನ್ನ ಧರ್ಮ ಶುರು: ಅವರ ವೇದಾಂತದ ತಿರುಳು ಇದು.

ಮಠದ ನೆರೆಯ ಬಗ್ಗೆ ಒಂದು ಮಾತು. ಇಂದಿರಾ ಪಾರ್ಕಿನ ಬದಿಯ ರಸ್ತೆ ಧರ್ನಾ ಚೌಕ್ ಎಂದೇ ಹೆಸರಾದದ್ದು. ಸಂಬಳ ಸಿಗದ ಅಂಗನವಾಡಿ ಕಾರ್ಯಕರ್ತೆಯರು, ಸಾಲದ ರೈತರು, ತೆಲಂಗಾಣ ರಾಜ್ಯ ಕೇಳಿದ ವಿದ್ಯಾರ್ಥಿಗಳು, ಎಲ್ಲರೂ ಶಾಮಿಯಾನ ಹಾಕಿ ಕೂತದ್ದು ಇಲ್ಲಿ. 2017ರಲ್ಲಿ ಸರ್ಕಾರ ಇದನ್ನು ಊರಾಚೆಗೆ ಅಟ್ಟಲು ನೋಡಿತು. ಮರುವರ್ಷ ಹೈಕೋರ್ಟು ಮತ್ತೆ ಅವಕಾಶ ಕೊಟ್ಟಿತು. ಒಂದು ಕೂಗಳತೆಯಲ್ಲಿ ಘೋಷಣೆ, ಇನ್ನೊಂದು ಕಡೆ ಸಂಜೆಯ ‘ಖಂಡನ ಭವಬಂಧನ’ ಆರತಿ, ತೆಲುಗು ಲಿಪಿಯ ಪುಸ್ತಕ ಹಿಡಿದು ಹಾಡುವ ಭಕ್ತರು. ಇವೆರಡೂ ಒಂದಕ್ಕೊಂದು ಹೊರತು ಎಂದು ನನಗೆ ಅನ್ನಿಸಿಲ್ಲ. ತನ್ನ ಅಹವಾಲು ತಾನೇ ಹೇಳಿಕೊಳ್ಳಲು ಬಾಯಿ ಬೇಕು. ಬಾಯಿ ಬರಿಸುವ ಕೆಲಸ ಆರತಿಯ ಪಕ್ಕದ ಕೋಣೆಯಲ್ಲಿ ನಡೆಯುತ್ತಿದೆ.

1993ರಲ್ಲಿ ರಂಗನಾಥಾನಂದರು ಹೈದರಾಬಾದ್ ಬಿಟ್ಟರು. 1998ರಲ್ಲಿ ರಾಮಕೃಷ್ಣ ಮಠ ಮತ್ತು ಮಿಷನ್ನಿನ ಹದಿಮೂರನೆಯ ಅಧ್ಯಕ್ಷರಾದರು. 2000ದಲ್ಲಿ ಸರ್ಕಾರ ಪದ್ಮವಿಭೂಷಣ ಕೊಡಲು ಬಂದಾಗ, ಅದು ಸಂಸ್ಥೆಗಲ್ಲದೆ ವ್ಯಕ್ತಿಗೆ ಸಲ್ಲುವ ಗೌರವ ಎಂಬ ಕಾರಣಕ್ಕೆ ಒಪ್ಪಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಮಿಷನ್ನಿಗೆ ಬಂದ ಗಾಂಧಿ ಶಾಂತಿ ಪ್ರಶಸ್ತಿಯನ್ನು ಸಂಸ್ಥೆ ಸ್ವೀಕರಿಸಿತ್ತು. 2005ರ ಏಪ್ರಿಲ್ 25ರಂದು ಕೋಲ್ಕತ್ತದಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತಾರು.

ಮೈಸೂರಿನ ಆಶ್ರಮಕ್ಕೆ ಕನ್ನಡಿಗರು ಕುವೆಂಪು ಹೆಸರು ಹಿಡಿದು ಹೋಗುತ್ತಾರೆ, ಹೋಗಬೇಕಾದ್ದೇ. ಅಲ್ಲಿ ಪಾತ್ರೆ ತೊಳೆದ ಹುಡುಗನ ಕೆಲಸ ನೋಡುವ ಮನಸ್ಸಿದ್ದವರು ಕಾಚಿಗುಡದಲ್ಲಿ ರೈಲು ಇಳಿದು ಹಿಮಾಯತ್‌ನಗರದ ಮೇಲೆ ಹೋಗುವ ಸಿಟಿ ಬಸ್ಸು ಹಿಡಿಯಬೇಕು. ಹೊಸ ಬ್ಯಾಚಿನ ಪ್ರವೇಶ ವರ್ಷದಲ್ಲಿ ಹಲವು ಸಲ ಇರುತ್ತದೆ. ಸೇರುವ ಆಸೆಯಿದ್ದರೆ ಬೆಳಿಗ್ಗೆ ಬೇಗ ಹೋಗಿ ಸಾಲು ಹಿಡಿಯುವುದು ಒಳ್ಳೆಯದು.